ಕಾರಿರುವ ಮನೆಯವರು

ನಮ್ಮ ಚಿಕ್ಕಮ್ಮನಿಗೆ ಕಾರಿದೆ ಎನ್ನುವುದು ನನಗೆ ಗೊತ್ತಾದದ್ದು ಹಾಸನದ ಸರ್ಕಾರಿ ಆಸ್ಪತ್ರೆಯ ಕೌಂಟರಿನಲ್ಲಿ. ಚಿಕ್ಕಮ್ಮನಿಗೆ ಗೊತ್ತಾದದ್ದೂ ಅಲ್ಲೇ.

ಅವಳ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದಿದ್ದ ಯಾವುದೋ ಜ್ವರದಿಂದ ಕೆಟ್ಟಿದ್ದು, ಇಷ್ಟು ವರ್ಷ ಹೇಗೋ ನಡೆದುಕೊಂಡು ಬಂದಿದೆ, ಇನ್ನು ಬದಲಾಯಿಸಲೇಬೇಕು ಎಂದು ಡಾಕ್ಟರು ಹೇಳಿದ್ದರು. ಮೈಸೂರಿನ ಆಸ್ಪತ್ರೆಗೆ ಕಳಿಸುವ ಚೀಟಿ ಇಲ್ಲಿಂದಲೇ ಕೊಡಬೇಕು, ರೇಷನ್ ಕಾರ್ಡು ತೋರಿಸಿದರೆ ಸಾಕು, ಖರ್ಚೆಲ್ಲ ಸರ್ಕಾರದ್ದು ಎಂದೂ ಹೇಳಿದ್ದರು. ಅಷ್ಟು ಸಲೀಸಾಗಿರುತ್ತದೆಯೇ ಎಂದು ನಾನು ಅನುಮಾನಿಸಿದೆ. ಚಿಕ್ಕಮ್ಮ ಅನುಮಾನಿಸಲಿಲ್ಲ. ಒಗೆದ ಸೀರೆ ಉಟ್ಟು, ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಚಿಕ್ಕಪ್ಪನ ಜೊತೆ ಚನ್ನರಾಯಪಟ್ಟಣದಿಂದ ನಾನಿರುವ ಹಾಸನಕ್ಕೆ ಬೆಳಗಿನ ಬಸ್ಸಿಗೇ ಬಂದಿಳಿದಳು.

ಕೌಂಟರಿನ ಹುಡುಗಿ ಕಾರ್ಡಿನ ನಂಬರು ಹಾಕಿ, ಪರದೆ ನೋಡಿ, ಅಳಿಸಿ ಮತ್ತೆ ಹಾಕಿದಳು.

"ಅಮ್ಮಾ, ನಿಮ್ಮದೀಗ ಬಿಪಿಎಲ್ ಅಲ್ಲ. ಎಪಿಎಲ್ ಆಗಿದೆ."

"ಓದ್ ತಿಂಗ್ಳು ಅಕ್ಕಿ ಇಲ್ಲ ಅಂದ್ರಲ್ಲವ್ವಾ, ಅದ್ಕೆಯಾ?"

"ಇರಬಹುದು. ನಿಮ್ಮ ಮನೇಲಿ ಕಾರಿದೆ ಅಂತ ಬರ್ತಿದೆ."

ಚಿಕ್ಕಮ್ಮ ಹಿಂದಕ್ಕೆ ತಿರುಗಿ ನೋಡಿದಳು. ತನ್ನ ಹಿಂದೆ ನಿಂತವರಿಗೆ ಹೇಳುತ್ತಿದ್ದಾಳೆ ಎಂದುಕೊಂಡಿರಬೇಕು.

"ನಂಗಾ?"

"ಹೌದಮ್ಮ. ಫೋರ್ ವೀಲರ್, ವೈಟ್ ಬೋರ್ಡ್. ನಿಮ್ಮ ಯಜಮಾನರ ಹೆಸರಲ್ಲಿದೆ."

"ಎಲ್ಲೈತಂತೆ?"

ಅದು ಕಂಪ್ಯೂಟರಿನಲ್ಲಿ ಇರಲಿಲ್ಲ.

ಎಪಿಎಲ್ ಆದವರಿಗೆ ಸರ್ಕಾರ ಖರ್ಚಿನ ಒಂದು ಪಾಲು ಮಾತ್ರ ಕೊಡುತ್ತದೆ ಎಂದು ಹುಡುಗಿ ವಿವರಿಸಿದಳು. ಮಿಕ್ಕಿದ್ದು ಮನೆಯವರದು. ಸ್ವಂತ ಮನೆ ಮಾರಿದರೆ ಅಷ್ಟು ಹುಟ್ಟುತ್ತಿತ್ತು. ಚಿಕ್ಕಮ್ಮ ಇದ್ದದ್ದು ಬಾಡಿಗೆ ಮನೆಯಲ್ಲಿ.

ಚಿಕ್ಕಪ್ಪ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದ. ಆಸ್ಪತ್ರೆಯ ವಾಸನೆ ಅವನಿಗೆ ಆಗುವುದಿಲ್ಲ. ನಾನು ಹೋಗಿ ವಿಷಯ ಹೇಳಿದೆ.

"ಬಿಳೇ ಬೋರ್ಡಂತಾ, ಅಳದೀನಾ?"

"ಬಿಳೀದಂತೆ."

"ವ್ಯಾನು," ಎಂದ. ಸತ್ತ ಸಂಬಂಧಿಕರೊಬ್ಬರ ಸುದ್ದಿ ಎತ್ತಿದ ಹಾಗಿತ್ತು.

ಆ ವ್ಯಾನನ್ನು ನಾನು ಚೆನ್ನಾಗಿ ಬಲ್ಲೆ. ಅಪ್ಪ ತೀರಿಕೊಂಡ ಮೇಲೆ ನಾನು ಹೈಸ್ಕೂಲು ಓದಿದ್ದು ಚಿಕ್ಕಮ್ಮನ ಮನೆಯಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ಚಿಕ್ಕಮ್ಮ ಕೋಡುಬಳೆ, ನಿಪ್ಪಟ್ಟು, ಚಕ್ಕುಲಿ ಮಾಡಿ ಬಸ್‌ಸ್ಟ್ಯಾಂಡಿನ ಅಂಗಡಿಗಳಿಗೆ ಹಾಕುತ್ತಿದ್ದಳು. ಚಿಕ್ಕಪ್ಪ ಒಂದು ಬಿಳಿಯ ವ್ಯಾನು ಇಟ್ಟುಕೊಂಡು ಬೆಳಿಗ್ಗೆ ಸಂಜೆ ಸ್ಕೂಲು ಮಕ್ಕಳನ್ನೂ, ಮಧ್ಯಾಹ್ನ ಶ್ರವಣಬೆಳಗೊಳಕ್ಕೆ ಯಾತ್ರಿಕರನ್ನೂ ಸಾಗಿಸುತ್ತಿದ್ದ. ಬಾಡಿಗೆ ಗಾಡಿಗೆ ಹಳದಿ ಬೋರ್ಡಿರಬೇಕು, ಬಿಳಿ ಸ್ವಂತದ್ದಕ್ಕೆ, ಅದು ಅವನಿಗೂ ಪೊಲೀಸರಿಗೂ ಗೊತ್ತಿತ್ತು. ವ್ಯಾನಿಗೆ ವರ್ಷವರ್ಷವೂ ತಪ್ಪದೆ ಇನ್ಶೂರೆನ್ಸ್ ಕಟ್ಟುತ್ತಿದ್ದ. ಮನೆಯಲ್ಲಿ ವಿಮೆ ಇದ್ದದ್ದು ಅದೊಂದಕ್ಕೇ. ನಾನು ಬಿ.ಎಡ್. ಮುಗಿಸಿದ ವರ್ಷ ಅವನ ಕಣ್ಣಿಗೆ ಪೊರೆ ಬಂದು, ಮಕ್ಕಳ ತಂದೆತಾಯಿಗಳಿಗೆ ಅದು ಗೊತ್ತಾಗಿ, ವ್ಯಾನನ್ನು ಹೊಳೆನರಸೀಪುರದವನೊಬ್ಬನಿಗೆ ಮಾರಿದ. ಆಮೇಲೆ ಚಿಕ್ಕಮ್ಮನ ಜೊತೆ ಹಿಟ್ಟು ಕಲಸಲು ಕೂತ.

"ಮಾರಿದ್ಮೇಲೆ ನಿನ್ನ ಹೆಸರು ತೆಗೆಸಲಿಲ್ವಾ?" ಎಂದು ಕೇಳಿದೆ.

"ಸೈನ್ ಆಕ್ಕೊಟ್ಟೆ ಕಣವ್ವಾ. ಅವ್ನೇ ಮಾಡುಸ್ಕತೀನಿ ಅಂದ."

ಅಷ್ಟರಲ್ಲಿ ಚಿಕ್ಕಮ್ಮ ಮೆಟ್ಟಿಲಿಳಿದು ಏದುಸಿರು ಬಿಡುತ್ತಾ ಬಂದಳು. ಗಂಡನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲು ಬೇಕಾಗುವಷ್ಟು ಉಸಿರು ಅವಳಲ್ಲಿರಲಿಲ್ಲ.

"ಕಾರಿದ್ದೂ ಬಸ್ಸಲ್ಲಿ ಕರ್ಕಬಂದ್ಯಲ್ಲ ನನ್ನ," ಎಂದು ಅವನ ಪಕ್ಕ ಕೂತಳು.

ಮೊದಲು ಬೇರೆ ದಾರಿ ನೋಡಿದೆವು. ನನಗೆ ಸ್ಕೂಲಿನಿಂದ ಒಂದು ಆರೋಗ್ಯ ವಿಮೆ ಇದೆ. ಅದರಲ್ಲಿ ಗಂಡ, ಮಕ್ಕಳು, ತಂದೆ, ತಾಯಿ ಎಂದು ಕಾಲಮ್ಮುಗಳಿವೆ. ಸಾಕಿದ ಚಿಕ್ಕಮ್ಮನಿಗೆ ಕಾಲಮ್ಮು ಇರಲಿಲ್ಲ. ನನ್ನ ಸಹೋದ್ಯೋಗಿಯೊಬ್ಬರ ಗಂಡ ಖಾಸಗಿ ವಿಮೆಯ ಏಜೆಂಟರು. ಅವರನ್ನು ಚನ್ನರಾಯಪಟ್ಟಣಕ್ಕೇ ಕರೆದುಕೊಂಡು ಹೋದೆ. ಚಿಕ್ಕಮ್ಮ ತಟ್ಟೆ ತುಂಬ ನಿಪ್ಪಟ್ಟು ಇಟ್ಟಳು. ಅವರು ತಿಂದರು, ಚೆನ್ನಾಗಿದೆ ಎಂದರು, ಹೃದಯದ ರಿಪೋರ್ಟನ್ನು ನೋಡಿ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದರು.

"ಪಾಲಿಸಿ ಕೊಡಬಹುದಮ್ಮ. ಆದ್ರೆ ಮೊದಲೇ ಇರೋ ಕಾಯಿಲೆಗೆ ತಕ್ಷಣ ಸಿಗಲ್ಲ. ಕೆಲವು ವರ್ಷ ಕಾಯಬೇಕು."

"ಅಷ್ಟೊರ್ಷ ಗಟ್ಟಿಯಾಗಿದ್ರೆ ನಿಮ್ ಪಾಲಿಸಿ ನಂಗ್ಯಾಕಪ್ಪಾ?"

ಏಜೆಂಟರು ಯೋಚಿಸಿ, ಬೇರೆ ಯಾವುದಾದರೂ ಕಾಯಿಲೆ ಬಂದರೆ ಆಗುತ್ತದೆ ಎಂದರು. ಚಿಕ್ಕಮ್ಮ, ಬಂದರೆ ಹೇಳಿ ಕಳಿಸುತ್ತೇನೆ ಎಂದಳು. ಹೋಗುವಾಗ ಅವರಿಗೆ ಒಂದು ಪೊಟ್ಟಣ ನಿಪ್ಪಟ್ಟು ಕಟ್ಟಿಕೊಟ್ಟಳು.

ತಾಲ್ಲೂಕು ಕಚೇರಿಯಲ್ಲಿ ರೇಷನ್ ಕಾರ್ಡು ನೋಡಿಕೊಳ್ಳುವವರು ಸಜ್ಜನರು. ಕೂರಲು ಕುರ್ಚಿ ಕೊಟ್ಟರು. ಕಾರು ನಿಮ್ಮ ಹೆಸರಿನಿಂದ ಹೋಗಿದೆ ಅಂತ ಒಂದು ಕಾಗದ ತನ್ನಿ, ಅವತ್ತೇ ಮತ್ತೆ ಬಿಪಿಎಲ್ಲಿಗೆ ಬರೆಯುತ್ತೇನೆ ಎಂದರು. ಆರ್‌ಟಿಒ ಕಚೇರಿಯವರೂ ಸಜ್ಜನರೇ. ಕೊಂಡವನನ್ನು ಕರೆದುಕೊಂಡು ಬನ್ನಿ, ಇಬ್ಬರ ಸಹಿ ಬೇಕು ಎಂದರು. ಗಾಡಿ ಗುಜರಿಗೆ ಹೋಗಿದ್ದರೆ?

"ಹೋಗಿದ್ರೆ ರಿಜಿಸ್ಟ್ರೇಷನ್ ರದ್ದು ಮಾಡ್ತೀವಿ. ಚಾಸಿ ನಂಬರ್ ಕೊರೆದಿರೋ ತುಂಡು ತಂದು ತೋರಿಸಿ."

"ಅದೂ ಸಿಗದಿದ್ರೆ?"

"ಸಿಗದಿದ್ರೆ ಗಾಡಿ ಇದೆ ಅಂತಲೇ ಅರ್ಥ ಮೇಡಂ."

ನನಗೆ ದಸರಾ ರಜೆ ಶುರುವಾಗಿತ್ತು. ಚಿಕ್ಕಮ್ಮನ ಪಕ್ಕದ ಮನೆಯಾಕೆಗೆ ಅವಳನ್ನು ನೋಡಿಕೊಳ್ಳಲು ಹೇಳಿ, ನಾನೂ ಚಿಕ್ಕಪ್ಪನೂ ವ್ಯಾನು ಹುಡುಕಲು ಹೊರಟೆವು. ಚಿಕ್ಕಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಹೊಳೆನರಸೀಪುರದ ಬಸ್ಸಿನಲ್ಲಿ ಆ ವ್ಯಾನಿನ ಗುಣಗಳನ್ನೆಲ್ಲ ಹೇಳುತ್ತಾ ಬಂದ. ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಬ್ರೇಕು ಕಾಲಿಟ್ಟರೆ ಸಾಕು. ಹೆಣ್ಣು ಕೊಡಲು ಬಂದವರ ಮುಂದೆ ಮಗನ ಬಗ್ಗೆ ಮಾತಾಡುವ ಹಾಗಿತ್ತು. ಗುಣಗಳು ಮುಗಿದ ಮೇಲೆ ಮಾತು ಚಿಕ್ಕಮ್ಮನ ಕಡೆಗೆ ತಿರುಗಿತು.

"ಅವ್ಳು ಓಗ್ಬುಟ್ರೆ ನಾನೇ ಕೊಂದಂಗೆ ಅಲ್ವೇನವ್ವಾ?"

"ಹಾಗೆಲ್ಲ ಅನ್ಬೇಡ ಚಿಕ್ಕಪ್ಪ. ಸಿಗುತ್ತೆ."

"ಒಂದ್ ದಿವ್ಸ ಓಗಿ ಎಸ್ರು ತೆಗ್ಸಿದ್ರೆ ಆಗೋದು. ಏನ್ ಮಾ ಕೆಲ್ಸ ಇತ್ತು ನಂಗೆ?"

ಕಂಡಕ್ಟರು ಬಂದು ನನಗೆ ಸೊನ್ನೆ ರೂಪಾಯಿಯ ಟಿಕೆಟ್ಟನ್ನೂ ಅವನಿಗೆ ದುಡ್ಡಿನ ಟಿಕೆಟ್ಟನ್ನೂ ಕೊಟ್ಟ.

ವ್ಯಾನು ಕೊಂಡವನು ಹೊಳೆನರಸೀಪುರದಲ್ಲಿ ಬ್ಯಾಂಡ್‌ಸೆಟ್ ನಡೆಸುವವನು. ಮದುವೆ, ಮೆರವಣಿಗೆಗಳಿಗೆ ಹೋಗುವ ಬ್ಯಾಂಡು. ಅವನ ಅಂಗಡಿಯ ಗೋಡೆಗೆ ಡೋಲುಗಳನ್ನು ತೂಗುಹಾಕಿದ್ದ. ಚಿಕ್ಕಪ್ಪನನ್ನು ನೋಡಿದ ಕೂಡಲೇ ಗುರುತು ಹಿಡಿದು, ಎರಡೂ ಕೈ ಹಿಡಿದುಕೊಂಡ.

"ಬನ್ನಿ ಸಾ, ಬನ್ನಿ! ಎಂಥಾ ಗಾಡಿ ಕೊಟ್ರಿ ಸಾ ನಂಗೆ! ಅದ್ರಲ್ಲೇ ಅಲ್ವಾ ನನ್ ಬ್ಯಾಂಡು ಕಟ್ಟಿದ್ದು!"

ಚಿಕ್ಕಪ್ಪ ಬೈಯಬೇಕೆಂದು ಬಸ್ಸಿನಲ್ಲೇ ತಯಾರಿ ಮಾಡಿಕೊಂಡು ಬಂದಿದ್ದ. ಈಗ ಕಾಫಿ ಕುಡಿಯುತ್ತಾ ಡಿಕ್ಕಿಯಲ್ಲಿ ಟ್ರಂಪೆಟ್ ಹೇಗೆ ಇಡುತ್ತಿದ್ದರು ಎಂಬುದನ್ನು ಕೇಳಿಸಿಕೊಂಡ. ಕೊನೆಗೆ ನಾನೇ ವಿಷಯ ಎತ್ತಬೇಕಾಯಿತು.

"ಹೆಸರು ಬದಲಾಯಿಸ್ಲಿಲ್ವಲ್ಲ ನೀವು?"

"ಮಾಡಿಸ್ಬೇಕು ಅಂತಾನೇ ಇದ್ದೆ ಮೇಡಂ. ಸೀಜನ್ನು ಬಂತು. ಆಮೇಲೆ ಇನ್ನೊಂದ್ ಸೀಜನ್ ಬಂತು. ಅಷ್ಟೊತ್ಗೆ ದೊಡ್ ಗಾಡಿ ತಕಂಡು ಇದನ್ನ ಮಾರ್ಬುಟ್ಟೆ."

"ಯಾರಿಗೆ?"

ಅರಕಲಗೂಡಿನ ಹತ್ತಿರದ ಹಳ್ಳಿಯ ರೈತನಿಗೆ. ಶುಂಠಿ ಸಾಗಿಸಲು ಬೇಕು ಎಂದು ಕೊಂಡನಂತೆ. ಚಿಕ್ಕಮ್ಮನ ವಿಷಯ ಕೇಳಿದ ಮೇಲೆ ಬ್ಯಾಂಡಿನವನ ಮುಖ ಸಣ್ಣದಾಯಿತು. ಅಂಗಡಿಯ ಬಾಗಿಲು ಹಾಕಿ, ತನ್ನ ಈಗಿನ ದೊಡ್ಡ ಗಾಡಿಯಲ್ಲಿ ನಮ್ಮನ್ನು ಕೂರಿಸಿಕೊಂಡು ಅರಕಲಗೂಡಿನ ಕಡೆ ಹೊರಟ. ಗಾಡಿಯ ಎರಡೂ ಪಕ್ಕದಲ್ಲಿ ಶುಭವಿವಾಹ ಎಂದು ಬರೆದಿತ್ತು. ದಾರಿಯಲ್ಲಿ ಮಕ್ಕಳು ಕೈ ಬೀಸಿದರು.

ಆ ರೈತನ ಹೊಲ ಊರಿನಿಂದಾಚೆ, ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆಯ ಪಕ್ಕದಲ್ಲಿತ್ತು. ವ್ಯಾನು ಅಲ್ಲೇ ಇತ್ತು. ಚಕ್ರಗಳಿರಲಿಲ್ಲ, ಎಂಜಿನ್ ಇರಲಿಲ್ಲ, ಹೆಡ್‌ಲೈಟಿನ ಗುಳಿಗಳಲ್ಲಿ ಹುಲ್ಲು ಬೆಳೆದಿತ್ತು. ನಾಲ್ಕು ಮೂಲೆಗೂ ಕಲ್ಲು ಕೊಟ್ಟು ನಿಲ್ಲಿಸಿದ್ದರು. ಚಿಕ್ಕಪ್ಪ ಸುತ್ತ ಒಂದು ಬಳಸು ಬಂದು ನೋಡಿ, ಹಿಂಬಾಗಿಲ ಮೇಲೆ ಕೈಯಿಟ್ಟ. ಒಳಗಿನಿಂದ ಯಾರೋ ಕೆಮ್ಮಿದರು.

ಬಾಗಿಲು ಸರಿಸಿ ಒಬ್ಬ ಮುದುಕಿ ತಲೆ ಹೊರಗೆ ಹಾಕಿತು. ರೈತನ ತಾಯಿ. ಬೆಳಗಿನಿಂದ ಸಂಜೆಯವರೆಗೆ ಹೊಲ ಕಾಯುತ್ತಾ ಅದರೊಳಗೇ ಇರುವುದಂತೆ. ಸೀಟು ತೆಗೆದ ಜಾಗದಲ್ಲಿ ಚಾಪೆ, ಕಂಬಳಿ, ನೀರಿನ ತಂಬಿಗೆ ಇದ್ದವು. ಡ್ರೈವರ್ ಮುಂದಿನ ಕನ್ನಡಿಗೆ ಬಿಪಿ ಮಾತ್ರೆಯ ಕವರನ್ನು ಸಿಕ್ಕಿಸಿತ್ತು.

"ಯಾರ್ರಪ್ಪಾ? ಮದ್ವೆಗೆ ಕರ್ಯಾಕ್ ಬಂದ್ರಾ?"

ಬ್ಯಾಂಡಿನ ಗಾಡಿ ನೋಡಿ ಹಾಗೆ ಕೇಳಿತ್ತು. ಅಲ್ಲವೆಂದು ಹೇಳಿ, ಬಂದ ಕಾರಣವನ್ನು ಚಿಕ್ಕಪ್ಪ ವಿವರಿಸಿದ. ಅಷ್ಟರಲ್ಲಿ ಶುಂಠಿಗೆ ನೀರು ಬಿಡುತ್ತಿದ್ದ ಮಗನೂ ಬಂದ. ಅವನಿಗೆ ಎಲ್ಲ ಮೊದಲಿನಿಂದ ಹೇಳಬೇಕಾಯಿತು.

"ಇನ್ನೂ ನಿಮ್ಮೆಸ್ರಲ್ಲೇ ಐತಾ ಇದು?" ಎಂದು ಆಶ್ಚರ್ಯಪಟ್ಟ. ಸ್ವಲ್ಪ ಯೋಚಿಸಿ, "ಒಳ್ಳೇದೇ ಆಯ್ತು ಬುಡಿ. ನನ್ನೆಸ್ರಿಗೆ ಬಂದಿದ್ರೆ ನನ್ ಕಾರ್ಡ್ ಓಗೋದು," ಎಂದ. ಹೇಳಿದ ಮೇಲೆ ಅದು ಹೇಳುವ ಮಾತಲ್ಲವೆಂದು ಅವನಿಗೇ ಅನ್ನಿಸಿ ನೆಲ ನೋಡಿದ. ಈಗ ಸಹಿ ಹಾಕಿ ಹೆಸರಿಗೆ ಮಾಡಿಸಿಕೊ ಎಂದು ಅವನನ್ನು ಕೇಳುವ ಧೈರ್ಯ ನಮಗೆ ಬರಲಿಲ್ಲ. ಉಳಿದದ್ದು ಚಾಸಿ ನಂಬರಿನ ತುಂಡು.

ನಂಬರು ಡ್ರೈವರ್ ಸೀಟು ಇದ್ದ ಜಾಗದ ತಗಡಿನಲ್ಲಿತ್ತು. ಅದನ್ನು ಕತ್ತರಿಸಿ ತೆಗೆಯಬೇಕು ಎಂದದ್ದಕ್ಕೆ ಮುದುಕಿ ಒಪ್ಪಲಿಲ್ಲ.

"ನನ್ ತಲೆದಿಂಬಿನ ತಾವಲ್ವಾ ಅದು? ತೂತ್ ಮಾಡುದ್ರೆ ಆವು ಚೇಳು ಬರಾಕಿಲ್ವಾ?"

"ಅವ್ವಾ, ಸುಮ್ಕಿರು. ಅವ್ರ ಮನೇಲಿ ಜೀವದ್ ಪ್ರಶ್ನೆ," ಎಂದ ಮಗ.

"ನಂದೇನ್ಲಾ, ಜೀವ ಅಲ್ವಾ?"

ಚಿಕ್ಕಪ್ಪ ವ್ಯಾನಿನ ಮೆಟ್ಟಿಲ ಮೇಲೆ ಮುದುಕಿಯ ಪಕ್ಕ ಕೂತ. ಚಿಕ್ಕಮ್ಮ ಹೇಗೆ ಉಸಿರಾಡುತ್ತಾಳೆ, ಹೇಗೆ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ ಎಂದು ಹೇಳಿದ. ಬೇಡಿಕೊಳ್ಳುವ ದನಿ ಇರಲಿಲ್ಲ. ಅವನಿಗೆ ಇಷ್ಟು ದಿನ ಇದನ್ನು ಕೇಳುವವರು ಸಿಕ್ಕಿರಲಿಲ್ಲ ಅಷ್ಟೆ.

"ಕುಂತ್ಕಂಡೇ ಮನಗ್ತಾಳಾ?" ಎಂದಿತು ಮುದುಕಿ.

"ಊಂ ಕಣವ್ವಾ. ಮನಿಕಂಡ್ರೆ ಉಸ್ರು ಕಟ್ತದೆ."

ಮುದುಕಿ ಕಂಬಳಿ, ಚಾಪೆ, ತಂಬಿಗೆಗಳನ್ನು ಒಂದೊಂದಾಗಿ ಹೊರಗೆ ಕೊಡತೊಡಗಿತು. "ತೂತು ಮುಚ್ಕೊಟ್ಟು ಓಗ್ಬೇಕು," ಎಂದು ಷರತ್ತು ಹಾಕಿತು.

ಅರಕಲಗೂಡು ಪೇಟೆಯಿಂದ ಗ್ಯಾಸ್ ವೆಲ್ಡಿಂಗಿನವನನ್ನು ಬ್ಯಾಂಡಿನವನೇ ಕರೆತಂದ. ಕಿಡಿ ಹಾರುವಾಗ ಚಿಕ್ಕಪ್ಪ ಆ ಕಡೆ ತಿರುಗಿ ನಿಂತ. ಅಂಗೈ ಅಗಲದ ತುಂಡು ಬಂತು. ತೂತಿಗೆ ಹೊಸ ತಗಡು ಬೆಸೆದದ್ದಾದ ಮೇಲೆ ಚಿಕ್ಕಪ್ಪ ಒಳಗೆ ಹೋಗಿ, ಮಂಡಿಯೂರಿ, ಅದರ ಅಂಚುಗಳನ್ನೆಲ್ಲ ಕೈಯಾಡಿಸಿ ನೋಡಿದ. ಚುಚ್ಚುತ್ತಿದ್ದ ಒಂದು ಕಡೆ ಅರ ತೆಗೆದುಕೊಂಡು ತಾನೇ ಉಜ್ಜಿದ. ಮುದುಕಿ ಮಲಗಿ ನೋಡಿ ಸರಿಯಾಗಿದೆ ಎಂದ ಮೇಲೇ ನಾವು ಹೊರಟದ್ದು. ಅಷ್ಟು ಹೊತ್ತಿಗೆ ಮನೆಯಿಂದ ನಮಗೆ ರಾಗಿಮುದ್ದೆ, ಅವರೆಕಾಳು ಸಾರು ಬಂದಿತ್ತು.

ಹಾಸನದ ಆರ್‌ಟಿಒ ಕಚೇರಿಯಲ್ಲಿ ಆ ತುಂಡನ್ನು ಟವೆಲ್ಲಿನಿಂದ ಬಿಚ್ಚಿ ಮೇಜಿನ ಮೇಲಿಟ್ಟೆವು. ಅಧಿಕಾರಿ ಕನ್ನಡಕ ಹಾಕಿಕೊಂಡು ಓದಿದರು. ಒಂದು ಅಂಕಿ ತುಕ್ಕು ಹಿಡಿದು ಮೂರೋ ಎಂಟೋ ಗೊತ್ತಾಗುತ್ತಿರಲಿಲ್ಲ. ಮೂರಾದರೆ ಅದು ನಮ್ಮ ವ್ಯಾನು. ಎಂಟಾದರೆ ಬೇರೆ ಯಾರದೋ. ಅಧಿಕಾರಿ ಸೀಮೆಎಣ್ಣೆ ತರಿಸಿ, ಬಟ್ಟೆಯಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಚಿಕ್ಕಪ್ಪ ಖಾಲಿ ಟವೆಲ್ಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ.

"ಮೂರು," ಎಂದರು.

ಹೀಗೆ ಚಿಕ್ಕಪ್ಪನ ವ್ಯಾನು ಸರ್ಕಾರದ ಲೆಕ್ಕದಲ್ಲಿ ತೀರಿಕೊಂಡಿತು. ಅದರ ಕಾಗದವನ್ನು ತಾಲ್ಲೂಕು ಕಚೇರಿಗೆ ಕೊಟ್ಟೆವು. ಅವರು ಹೇಳಿದ ಹಾಗೆ ಅವತ್ತೇ ಬರೆದು ಕಳಿಸಿದರು. ಆದರೆ ಬರೆದದ್ದು ಮೇಲಿನವರ ಒಪ್ಪಿಗೆಗೆ ಹೋಗಬೇಕು, ಒಪ್ಪಿಗೆ ಕಂಪ್ಯೂಟರಿನಲ್ಲಿ ಬರಬೇಕು, ಕಂಪ್ಯೂಟರಿಗೆ ಸರ್ವರ್ ಬರಬೇಕು. ನಾನು ದಿನಾ ಫೋನು ಮಾಡುತ್ತಿದ್ದೆ. ನನ್ನ ದನಿ ಕೇಳಿದ ಕೂಡಲೇ ಅವರು, "ಇನ್ನೂ ಇಲ್ಲ ಮೇಡಂ, ಚಿಕ್ಕಮ್ಮ ಹೇಗಿದ್ದಾರೆ?" ಎನ್ನುತ್ತಿದ್ದರು.

ಚಿಕ್ಕಮ್ಮ ಚೆನ್ನಾಗಿರಲಿಲ್ಲ. ಕಾಲು ಊದಿಕೊಂಡಿತ್ತು. ಬಾಣಲೆಯ ಮುಂದೆ ಕೂರಲಾಗದೆ, ಗೋಡೆಗೆ ಒರಗಿಕೊಂಡು ಚಿಕ್ಕಪ್ಪನಿಗೆ ಹೇಳಿ ಮಾಡಿಸುತ್ತಿದ್ದಳು. ಅವನ ಕೋಡುಬಳೆಗಳು ಉಂಗುರದ ಆಕಾರಕ್ಕೆ ಬರುತ್ತಿರಲಿಲ್ಲ. ಅಂಗಡಿಯವರು ಏನೂ ಅನ್ನದೆ ತೆಗೆದುಕೊಳ್ಳುತ್ತಿದ್ದರು. ಅದು ಅವಳಿಗೆ ಕಾಯಿಲೆಗಿಂತ ಹೆಚ್ಚು ಗಾಬರಿ ಹುಟ್ಟಿಸಿತು.

"ಚೆನ್ನಾಗಿಲ್ದಿದ್ರೂ ತಕತಾವ್ರೆ ಅಂದ್ರೆ, ನಾನು ಉಳ್ಯಾಕಿಲ್ಲ ಅಂತ್ಲೇ ಮಗಾ," ಎಂದಳು ನನ್ನ ಹತ್ತಿರ.

ಒಂದು ದಿನ ಎರಡನೇ ಪೀರಿಯಡ್ಡು ನಡೆಯುತ್ತಿದ್ದಾಗ ತಾಲ್ಲೂಕು ಕಚೇರಿಯಿಂದ ಅವರೇ ಫೋನು ಮಾಡಿದರು. "ಬಂತು ಮೇಡಂ," ಎಂದರು. ನಾನು ಕ್ಲಾಸಿನಲ್ಲಿ ಕೂತುಬಿಟ್ಟೆ. ಮಕ್ಕಳು ಯಾರೋ ಸತ್ತರೆಂದುಕೊಂಡು ಎದ್ದು ನಿಂತರು. ನಮ್ಮ ಚಿಕ್ಕಮ್ಮ ಬಡವಳಾದಳು ಎಂದು ಅವರಿಗೆ ಹೇಗೆ ಹೇಳುವುದು? ಕೂರಿ, ಏನೂ ಇಲ್ಲ ಎಂದೆ.

ಮೈಸೂರಿನಲ್ಲಿ ಆಪರೇಷನ್ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ಮುಗಿಯಿತು. ಚಿಕ್ಕಪ್ಪ ಆಸ್ಪತ್ರೆಯ ವಾಸನೆಯಲ್ಲೇ ಅಷ್ಟು ಹೊತ್ತೂ ಕೂತಿದ್ದ. ಡಾಕ್ಟರು ಹೊರಗೆ ಬಂದು, ಕವಾಟ ಚೆನ್ನಾಗಿ ಕೂತಿದೆ ಎಂದು ಹೇಳಿದಾಗ ತಲೆಯಾಡಿಸಿ, ಕಂಪನಿ ಯಾವುದು, ಎಷ್ಟು ವರ್ಷ ಬಾಳಿಕೆ ಎಂದು ವಿಚಾರಿಸಿದ. ಡಾಕ್ಟರು ನಗದೆ ಉತ್ತರ ಕೊಟ್ಟರು. ಆಮೇಲೆ ಬಾತ್‌ರೂಮಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದ. ಅಂಗಿಯ ಎದೆಯವರೆಗೂ ಒದ್ದೆಯಾಗಿತ್ತು.

ಈಗ ಚಿಕ್ಕಮ್ಮ ಓಡಾಡಿಕೊಂಡಿದ್ದಾಳೆ. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಮಾತ್ರೆ ನುಂಗಬೇಕು, ಆಗಾಗ ಹಾಸನಕ್ಕೆ ಬಂದು ರಕ್ತ ಪರೀಕ್ಷೆ ಮಾಡಿಸಬೇಕು. ಆ ಮಾತ್ರೆಯ ಖರ್ಚು ಕಾರ್ಡಿಗೆ ಬರುವುದಿಲ್ಲ. ಅದಕ್ಕೆಂದು ಚಕ್ಕುಲಿಯನ್ನು ಸ್ವಲ್ಪ ಸಣ್ಣ ಮಾಡಿದ್ದಾಳೆ. ಸೊಪ್ಪು ಹೆಚ್ಚಾದರೆ ಮಾತ್ರೆ ಕೆಲಸ ಮಾಡುವುದಿಲ್ಲ, ಅದನ್ನು ಒಂದೇ ಅಳತೆಯಲ್ಲಿ ತಿನ್ನಬೇಕು, ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ಆಗಬಾರದು ಎಂದು ಹೇಳಿದ್ದಾರೆ. ಸೊಪ್ಪು ಮಾರುವವಳು ಬಂದಾಗ ಚಿಕ್ಕಮ್ಮ ಕಟ್ಟನ್ನು ಕೈಯಲ್ಲಿ ಹಿಡಿದು ತೂಗಿ ನೋಡುವುದನ್ನು ನೋಡಬೇಕು.

ರಕ್ತ ಪರೀಕ್ಷೆಯ ದಿನ ನಮ್ಮ ಮನೆಗೆ ಬಂದು ಊಟ ಮಾಡಿ ನಡುಮನೆಯಲ್ಲಿ ಮಲಗುತ್ತಾಳೆ. ಈಗ ಚಾಪೆಯ ಮೇಲೆ ಉದ್ದಕ್ಕೆ ಮಲಗುತ್ತಾಳೆ. ಹೊಸ ಕವಾಟ ಲೋಹದ್ದು. ಮನೆ ನಿಶ್ಶಬ್ದವಾಗಿದ್ದರೆ ಅದು ಮುಚ್ಚಿಕೊಳ್ಳುವ ಸದ್ದು, ಕೈಗಡಿಯಾರದ ಹಾಗೆ, ಹತ್ತಿರ ಕೂತವರಿಗೆ ಕೇಳಿಸುತ್ತದೆ. ಹೋದ ಸಲ ನಾನು ಪಕ್ಕದಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಪೆನ್ನು ನಿಲ್ಲಿಸಿ ಆ ಸದ್ದನ್ನು ಕೇಳಿಸಿಕೊಳ್ಳುತ್ತಿರುವುದು ಅವಳಿಗೆ ಹೇಗೆ ಗೊತ್ತಾಯಿತೋ, ಕಣ್ಣು ಬಿಡದೆಯೇ ಕೇಳಿದಳು:

"ಓಡ್ತಾ ಐತಾ?"

"ಓಡ್ತಾ ಇದೆ."

"ಅಂಗಾರೆ ಎದ್ದು ಒಂದ್ ಲೋಟ ಕಾಫಿ ಮಾಡು," ಎಂದು ಮಗ್ಗುಲು ಬದಲಾಯಿಸಿದಳು.